ಎರಡು ನಿಮಿಷ ಹತ್ತು ಸೆಕೆಂಡು

ನಲವತ್ತೊಂದು, ನಲವತ್ತೆರಡು, ನಲವತ್ತಮೂರು — ಪರದೆಯ ಕೆಳಮೂಲೆಯಲ್ಲಿ ಹಸಿರು ಅಂಕಿ ಓಡುತ್ತಿದೆ, ಅದರ ಪಕ್ಕದಲ್ಲೇ ಒಂದು ನೊಣ ಬಂದು ಕೂತಿದೆ, ದೌಲತರಾಯ ಅದನ್ನು ಓಡಿಸಲಿಲ್ಲ, ಕೂತಿರಲಿ ಬಿಡು, ಇಡೀ ಸಭೆಯೇ ಕುತ್ತಿಗೆ ಉದ್ದ ಮಾಡಿ ನೋಡುತ್ತಿರುವಾಗ ಪಾಪದ ನೊಣವೊಂದು ನೋಡಿದರೆ ಏನು ಗಂಟು ಹೋಗುತ್ತದೆ, ಕೆಳಗೆ ಅಂಗಡಿಗಳ ಮುಂದೆ ಜನರೇಟರು ಗಡಗಡ ಅನ್ನುತ್ತಿದೆ, ಕಿಟಕಿಯಿಂದ ಡೀಸೆಲ್ ಹೊಗೆ, ಕಾದ ಡಾಂಬರಿನ ವಾಸನೆ, ಜೇವರ್ಗಿಯ ಬಿಸಿಲು, ಬೆನ್ನ ಹಿಂದೆ ನಗು ಇನ್ನೂ ಪೂರ್ತಿ ಆರಿಲ್ಲ, ಆರುತ್ತ ಬಂದ ನಗು ಯಾರೋ ಒಬ್ಬರು ಮೂಗಿನಲ್ಲಿ ಫುಸ್ ಅಂದ ಕೂಡಲೇ ಮತ್ತೆ ಹೊತ್ತಿಕೊಳ್ಳುತ್ತಿದೆ, ಎಂಥ ನಗು ಅದು, ಏಳು ತಿಂಗಳಿಂದ ಅವನು ಹಲ್ಲು ಕಚ್ಚಿ ಕಾದ ನಗು. ಅರವತ್ತು, ಅರವತ್ತೊಂದು. ಒಟ್ಟು ನಾಲ್ಕು ಸಾವಿರದ ಇನ್ನೂರ ಹದಿನಾರು ಹೆಸರು, ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಲಿಂಗಾಯತ ಸಮಾಜದ ಲಗ್ನವಾಗದ ಗಂಡು ಹೆಣ್ಣು ಎಲ್ಲ ಸೇರಿ, ವಧು-ವರ ಕೇಂದ್ರದ ಹನ್ನೆರಡು ದಪ್ಪ ರಿಜಿಸ್ಟರು ಈ ಒಂದು ಕಂಪ್ಯೂಟರ್ ಡಬ್ಬಿಯೊಳಗೆ ಬಂದು ಕೂತಿವೆ, ಇನ್ನು ಮುಂದೆ ಕೇಂದ್ರದ ಕೆಲಸ ಇಬ್ಬರಲ್ಲಿ ಯಾರ ಸಾಫ್ಟ್‌ವೇರಿಗೆ ಎಂಬುದು ಇವತ್ತಿನ ಸಭೆಯಲ್ಲಿ ತೀರ್ಮಾನ, ಇದೇ ಡಬ್ಬಿಯ ಮೇಲೆ ಐದು ನಿಮಿಷದ ಹಿಂದೆ ದೇವಿಂದ್ರಪ್ಪ ತನ್ನ ಸಾಫ್ಟ್‌ವೇರ್ ಓಡಿಸಿದ್ದ, ಅಫಜಲಪುರದ ದೇವಿಂದ್ರಪ್ಪ, ಬಿಳಿ ಸಫಾರಿ, ಕಿಸೆಯಲ್ಲಿ ಎರಡು ಪೆನ್ನು, ಮೂರೇ ಸೆಕೆಂಡಿಗೆ ಹನ್ನೊಂದು ವರಗಳ ಹೆಸರು ಪರದೆಯ ಮೇಲೆ ಬಿದ್ದವು, ನೋಡ್ರಿ, ಮೂರ ಸೆಕೆಂಡ, ಹೇಳಿದ್ನೋ ಇಲ್ಲೋ ಅಂತ ಅವನು ಸಭೆಯತ್ತ ಕೈ ಚಾಚಿದ, ಆಗ ದೌಲತರಾಯ ಬಗ್ಗಿ, ಅವಸರ ಮಾಡದೆ, ಮದುವೆ ಮನೆಯಲ್ಲಿ ಆಯೇರಿಯ ಉಡುಗೊರೆ ಕೊಟ್ಟವರನ್ನು ಕೂಗುವವನ ಹಾಗೆ ಒಂದೊಂದೇ ಹೆಸರು ಓದಿದ, ಒಂದು, ಎರಡು, ಮೂರು, ನಾಲ್ಕನೆಯದಕ್ಕೆ ಬಂದು ನಿಂತ, ಒಂದು ಗುಟುಕು ನೀರು ಕುಡಿದ, ಆಮೇಲೆ ಓದಿದ, ದೇವಿಂದ್ರಪ್ಪ, ಊರು ಅಫಜಲಪುರ, ವಯಸ್ಸು ಮೂವತ್ತೆರಡು, ಉದ್ಯೋಗ ಕಂಪ್ಯೂಟರ್. ಹುಡುಕಿದ್ದು ಯಾರಿಗೆ ವರ? ದೇವಿಂದ್ರಪ್ಪನ ಸ್ವಂತ ತಂಗಿ ಸುಭದ್ರಾಬಾಯಿಗೆ. ತಂಗಿಗೆ ಅಣ್ಣನೇ ವರ ಎಂದು ಕಂಪ್ಯೂಟರ್ ಹೇಳಿತ್ತು, ಮೂರೇ ಸೆಕೆಂಡಿನಲ್ಲಿ. ಅಲ್ಲೋ ದೇವಿಂದ್ರಪ್ಪ, ಬೀಗರು ಯಾವ ಬಾಗಲದಾಗ ನಿಂದರಬೇಕೋ ಅಂತ ನಾಗಣ್ಣ ಮುತ್ಯಾ ಮೊದಲ ಸಾಲಿನಿಂದ ಕೂಗಿದ್ದೇ ತಡ, ಚಾವಣಿ ಹಾರಿಹೋಗುವಂತೆ ನಕ್ಕರು.

ಹೊಟ್ಟೆ ತಣ್ಣಗಾಯಿತು, ಹೌದು, ಯಾಕೆ ಸುಳ್ಳು ಹೇಳಬೇಕು, ದೌಲತರಾಯನ ಹೊಟ್ಟೆ ತಣ್ಣಗಾಯಿತು, ದೀಪಾವಳಿಯ ಮುಂದೆ ಆ ಕರಪತ್ರ ಬಂದಾಗಿನಿಂದ ಉರಿಯುತ್ತಿದ್ದ ಹೊಟ್ಟೆ ಅದು, ಹಳದಿ ಕಾಗದ, ಕೆಂಪು ಅಕ್ಷರ, ಆಳಂದದ ಬಸ್ ನಿಲ್ದಾಣದ ಗೋಡೆಗೆ, ಹಾಲಿನ ಡೇರಿಗೆ, ಕೊನೆಗೆ ಅವನದೇ ಕಂಪ್ಯೂಟರ್ ಅಂಗಡಿಯ ಶಟರಿಗೆ ಅಂಟಿಸಿದ್ದರು, ವರ ಹುಡುಕಲು ಆಳಂದದ ದೌಲತರಾಯರ ಸಾಫ್ಟ್‌ವೇರಿಗೆ ಎರಡು ನಿಮಿಷ ಹತ್ತು ಸೆಕೆಂಡು, ನಮ್ಮದಕ್ಕೆ ಮೂರೇ ಸೆಕೆಂಡು, ಸ್ವತಃ ಪರೀಕ್ಷಿಸಿ ನೋಡಿದ್ದು. ಪರೀಕ್ಷಿಸಿ ನೋಡಿದ್ದು! ಗಿರಾಕಿಯ ಹಾಗೆ ಅಂಗಡಿಗೆ ಬಂದಿದ್ದ ಮಗ, ಚಹಾ ಕುಡಿದ, ಬಿಸ್ಕೀಟು ತಿಂದ, ಮಾತಾಡುತ್ತ ಮಾತಾಡುತ್ತ ಮೊಣಕಾಲಿನಿಂದ ಡಬ್ಬಿಯ ಮುಂದಿನ ಟರ್ಬೋ ಗುಂಡಿ ಒತ್ತಿ ಬಿಟ್ಟ, ಆ ಗುಂಡಿ ಒಳಗಿದ್ದರೆ ಯಂತ್ರ ಓಡುತ್ತದೆ, ಹೊರಗೆ ಬಂದರೆ ತೆವಳುತ್ತದೆ, ತೆವಳುವ ಯಂತ್ರಕ್ಕೆ ಕೈಗಡಿಯಾರ ಹಿಡಿದು ಕೂತ, ತನ್ನದಕ್ಕೆ ಮಾತ್ರ ಗುಂಡಿ ಒತ್ತಿದ ಯಂತ್ರ, ಮೇಲಾಗಿ ಬೆಡಗು, ಅಂದರೆ ಗೋತ್ರ, ದೋಷ, ಯಾವುದನ್ನೂ ನೋಡುವ ಗೋಜೇ ಇಲ್ಲ. ಬೆಡಗು ನೋಡದೆ ವರ ಹುಡುಕುವುದಾದರೆ ಮೂರು ಸೆಕೆಂಡು ಯಾಕೆ ಬೇಕು, ಒಂದೇ ಸಾಕು, ಒಂದೇ ಬೆಡಗಿನವರು ಒಂದೇ ರಕ್ತ, ಅಣ್ಣ ತಂಗಿ ಇದ್ದ ಹಾಗೆ, ನಮ್ಮಲ್ಲಿ ಕೂಸಿಗೂ ಗೊತ್ತಿರುವ ಮಾತು ಇವನ ಸಾಫ್ಟ್‌ವೇರಿಗೆ ಗೊತ್ತಿಲ್ಲ. ಆದರೆ ಕರಪತ್ರದಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ಅದೇ ಮೈ ಉರಿಸುವ ಸಂಗತಿ, ಗಡಿಯಾರ ಹೇಳಿದ್ದನ್ನೇ ಬರೆದಿದ್ದಾನೆ, ಯಾವ ನ್ಯಾಯಾಧೀಶನೂ ಅವನನ್ನು ಹಿಡಿಯುವಂತಿಲ್ಲ. ಬುರಾನುದ್ದೀನನ ಹೋಟೆಲಿನಲ್ಲಿ ಚಹಾ ಹೇಳಿದರೆ, ತಡೀರಿ ಸಾಬ್, ದೋ ಮಿನಿಟ್ ದಸ್ ಸೆಕೆಂಡ್, ಅಂತ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ನಗುತ್ತಾನೆ, ನರೋಣಾದ ಶಾಲೆಯವರು ಹೇಳಿದ ಕೆಲಸ ವಾಪಸ್ಸು ತೆಗೆದುಕೊಂಡರು, ಮಟಕಿಯ ಸೊಸೈಟಿಯವರು ದಾರಿಯಲ್ಲಿ ಸಿಕ್ಕರೂ ಆ ಕಡೆ ಮುಖ ತಿರುಗಿಸಿ ಕೆಮ್ಮುತ್ತಾರೆ, ಹೆಂಡತಿ ಕೂಡ, ಮಲಗುವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅಲ್ಲರೀ ಅದು ಯಾಕ ಅಷ್ಟ ತಡ ಮಾಡತದ ಅಂತ ಕೇಳಿದಳು, ಏನೂ ಕೆಟ್ಟ ಮನಸ್ಸಿನಿಂದ ಅಲ್ಲ, ಅದಕ್ಕೇ ಹೆಚ್ಚು ಚುಚ್ಚಿತು.

ಏಳು ನೂರ ಹನ್ನೆರಡು. ಅಂಕಿ ತೆವಳುತ್ತಿದೆ, ತೆವಳಲಿ, ದೇವಿಂದ್ರಪ್ಪ ತನ್ನ ಸರದಿಗೆ ಒತ್ತಿಟ್ಟಿದ್ದ ಟರ್ಬೋ ಗುಂಡಿಯನ್ನು ದೌಲತರಾಯನೇ ಬೇಕಂತ ಹೊರಗೆ ಬಿಟ್ಟಿದ್ದಾನೆ, ಮುಂಜಾನೆ ಸಭೆ ಶುರುವಾದಾಗ ಎದ್ದು ನಿಂತು ಹೇಳಿದ್ದ, ಹಿರ್ಯಾರೇ, ದೇವಿಂದ್ರಪ್ಪನವರು ಕರಪತ್ರದಾಗ ಬರದದ್ದು ಬರೋಬ್ಬರಿ ಅದ, ಎರಡ ನಿಮಿಷ ಹತ್ತ ಸೆಕೆಂಡ, ಒಂದ ಸೆಕೆಂಡೂ ಕಡಿಮಿ ಮಾಡಂಗಿಲ್ಲ, ಆ ಎರಡ ನಿಮಿಷದಾಗ ನಂದು ಏನ್ ಮಾಡತದ ಅನ್ನೋದು ನೀವ ಕುಂತ ನೋಡ್ರಿ. ಚಪ್ಪಾಳೆ ಬಿತ್ತು. ಅವನ ಉತ್ತರವೇ ಅದು, ಅವನೂ ಒಂದು ಕರಪತ್ರ ಅಚ್ಚು ಹಾಕಿಸಿದ್ದ, ವರ ಸಿಕ್ಕರೆ ಹೆಸರು, ಸಿಗದಿದ್ದರೆ ಯಾಕೆ ಸಿಗಲಿಲ್ಲ ಎಂಬ ಕಾರಣ, ಕಾರಣ ಹೇಳುವ ಏಕೈಕ ಸಾಫ್ಟ್‌ವೇರ್, ಅಂತ, ಕಾರಣ ಎಂಬ ಶಬ್ದಕ್ಕೆ ದಪ್ಪ ಅಕ್ಷರ. ಆದರೆ ಅದಷ್ಟೇ ಸಾಲದು ಎಂದು ಅವನಿಗೆ ಗೊತ್ತಿತ್ತು, ಜನಕ್ಕೆ ಕಾರಣ ಯಾರಿಗೆ ಬೇಕು, ಜನಕ್ಕೆ ನಗಲಿಕ್ಕೆ ಬೇಕು, ಒಂದು ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತು, ತನ್ನ ಸಾಫ್ಟ್‌ವೇರಿನಲ್ಲಿ ಬೆಡಗು, ದೋಷ ಎರಡರ ತಪಾಸಣೆಯನ್ನೂ ತೆಗೆದುಹಾಕಿ, ಅಂದರೆ ದೇವಿಂದ್ರಪ್ಪನದರ ಹಾಗೆ ಕುರುಡು ಮಾಡಿ, ದೇವಿಂದ್ರಪ್ಪನ ತಂಗಿಯ ಹೆಸರನ್ನೇ ಹಾಕಿ ನೋಡಿದ್ದ, ಅಣ್ಣನೂ ಪಟ್ಟಿಯಲ್ಲಿದ್ದಾನಲ್ಲ, ತಂಗಿಯದಾಗುವ ತನಕ ತನ್ನದು ಬೇಡ ಎಂದು ಮೂವತ್ತೆರಡಾದರೂ ಹಾಗೇ ಕೂತವನು, ತಂಗಿಗಿಂತ ನಾಲ್ಕು ವರ್ಷ ದೊಡ್ಡವನು, ಓದಿದವನು, ಬಿದ್ದೇ ಬೀಳುತ್ತಾನೆ, ಬಿದ್ದ. ಅವತ್ತು ದೌಲತರಾಯ ಒಬ್ಬನೇ ಕೂತು ನಕ್ಕದ್ದು ನಕ್ಕದ್ದೇ, ಕಣ್ಣಲ್ಲಿ ನೀರು ಬಂತು, ಮನೆಗೆ ಹೋಗುವಾಗ ಅರ್ಧ ಕಿಲೋ ಪೇಡೆ ತೆಗೆದುಕೊಂಡು ಹೋದ.

ಇವತ್ತು ಇಲ್ಲಿ, ಎಷ್ಟು ಮೆತ್ತಗೆ ಬಲೆ ಹಾಕಿದ, ಹೊರಗಿನವರ ಹೆಣ್ಣಮಕ್ಕಳ ಹೆಸರ ಯಾಕ ಸಭಾದಾಗ ತರೋದು, ದೇವಿಂದ್ರಪ್ಪನವರ ತಂಗಿ ಇಲ್ಲೇ ಅದಾರ, ನಮ್ಮ ತಂಗಿ ಇದ್ದಂಗ, ಅವರಿಗೇ ಹುಡಕೋಣಲ್ಲ, ಒಂದ್ ಒಳ್ಳೇ ಕೆಲಸಾನೂ ಆಗತದ. ಹಿರಿಯರೆಲ್ಲ ತಲೆಯಾಡಿಸಿದರು, ಎಂಥ ಸಂಭಾವಿತ ಹುಡುಗ ಅಂದರು. ದೇವಿಂದ್ರಪ್ಪ ಬೇಡ ಅನ್ನುವಂತಿರಲಿಲ್ಲ, ಬೇಡ ಅನ್ನಲಿಲ್ಲ ಕೂಡ, ಮೂಢ, ಅವನ ಮುಖದಲ್ಲಿ ಆಸೆ ಕಾಣಿಸಿತು, ತನ್ನ ಸಾಫ್ಟ್‌ವೇರೇ ತಂಗಿಗೆ ವರ ಹುಡುಕಿಕೊಟ್ಟೀತು ಎಂಬ ಆಸೆ. ಈಗ ನೋಡು, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಾನೆ, ಕಿಸೆಯ ಎರಡು ಪೆನ್ನುಗಳಲ್ಲಿ ಒಂದನ್ನು ತೆಗೆಯುತ್ತಾನೆ, ಇಡುತ್ತಾನೆ. ಸಾಕು, ಇಲ್ಲಿಗೇ ಮುಗಿಯಬೇಕಿತ್ತು, ಲೆಕ್ಕದ ಪ್ರಕಾರ ಇಲ್ಲಿಗೇ ಮುಗಿಯಬೇಕಿತ್ತು, ಮುಂದೆ ದೌಲತರಾಯ ತನ್ನದನ್ನು ಓಡಿಸುವುದು ಬೇರೆ ಹೆಸರಿಗೆ, ಜೇವರ್ಗಿಯ ಒಬ್ಬ ಹುಡುಗಿ, ಬಿ.ಎ., ಎಲ್ಲ ಬರೋಬ್ಬರಿ, ಐದು ಒಳ್ಳೆಯ ವರ ಬರುತ್ತವೆ, ನೋಡಿ ಇಟ್ಟುಕೊಂಡಿದ್ದ. ಆದರೆ ಕೇಂದ್ರದ ಅಧ್ಯಕ್ಷ ಹಣಮಂತರಾಯರು, ಆ ಮುದುಕ, ನಗು ತಡೆದುಕೊಂಡು ಕೈ ಎತ್ತಿದರು, ಛೇ, ಅದು ನ್ಯಾಯ ಅಲ್ಲ ದೌಲತರಾಯ, ಒಂದೇ ತಕ್ಕಡಿಯಾಗ ತೂಗಬೇಕು, ನಿಂದೂ ಇದೇ ಹುಡುಗಿ ಹೆಸರಿಗೇ ಹಚ್ಚು. ಅದರ ಹಿಂದೆಯೇ ಹೆಂಗಸರ ಜಮಖಾನದಿಂದ ಒಂದು ಸಣ್ಣ ದನಿ, ದೇವಿಂದ್ರಪ್ಪನ ತಾಯಿ ಗುರಮ್ಮ, ಅಣ್ಣನ ಹೆಸರ ಹೋಗ್ಲಿರೆಪಾ, ಉಳದ ಹತ್ ಮಂದಿ ಖರೇ ಅದಾರೇನ್ರಿ?

ಹತ್ತು ಮಂದಿ. ಯಾರಿಗೂ ಹೊಳೆದಿರಲಿಲ್ಲ, ನಗುವ ಗಡಿಬಿಡಿಯಲ್ಲಿ ಆ ಹತ್ತು ಮಂದಿಯನ್ನು ಎಲ್ಲರೂ ಮರೆತಿದ್ದರು, ಅವರ ಹೆಸರನ್ನು ದೌಲತರಾಯನೇ ಓದಿದ್ದ, ಒಬ್ಬ ಸರಸಂಬಾದ ಮಾಸ್ತರ, ಒಬ್ಬ ಅಂಚೆ ಆಫೀಸಿನವನು, ಇನ್ನೊಬ್ಬನದು ಭೀಮೆಯ ದಂಡೆಗೆ ಹತ್ತೆಕರೆ ಹೊಲ, ಆ ತಾಯಿ ಮಾತ್ರ ನಗುವಿನ ನಡುವೆ ಕೂತು ಒಂದೊಂದನ್ನೂ ಬೆರಳು ಮಡಚಿ ಎಣಿಸಿದ್ದಾಳೆ. ಅವನು ಏನು ಅಂದ? ನಮ್ಮ ಕಂಪ್ಯೂಟರ್ ಹೇಳತದ ತಡೀರಿ ಅವ್ವಾರ, ಖರೇ ಇದ್ರ ಖರೇ ಅಂತದ, ಇಲ್ಲಂದ್ರ ಯಾಕಿಲ್ಲ ಅಂತ ಹೇಳತದ. ಅಂದು, ಹುಡುಕುವ ಗುಂಡಿ ಒತ್ತಿದ. ಒಂದು ಸಾವಿರದ ಮುನ್ನೂರ ಐವತ್ತು. ಏನು ಬರುತ್ತದೋ ಅವನಿಗೆ ಗೊತ್ತಿಲ್ಲ, ಎಲ್ಲ ತಪಾಸಣೆ ಇಟ್ಟು ಈ ಹೆಸರಿಗೆ ಅವನು ಹುಡುಕಿಯೇ ಇಲ್ಲ, ಯಾಕೆ ಹುಡುಕಬೇಕು, ತನಗೆ ಬೇಕಾದದ್ದು ಅಣ್ಣನ ಹೆಸರು ಒಂದೇ ಆಗಿತ್ತು — ಸುಳ್ಳು, ಹುಡುಕಿದ್ದ, ಪೇಡೆ ತೆಗೆದುಕೊಂಡು ಹೋದ ಮರುದಿನವೇ ಹುಡುಕಿದ್ದ, ಸೊನ್ನೆ ಬಂದಿತ್ತು, ಸೊನ್ನೆಯ ಕೆಳಗೆ ಕಾರಣವೂ ಬಂದಿತ್ತು, ಪರದೆ ಆರಿಸಿ ಎದ್ದು ಹೋಗಿ ಬುರಾನುದ್ದೀನನ ಹತ್ತಿರ ಚಹಾ ಕುಡಿದಿದ್ದ. ಜನರೇಟರು ಒಮ್ಮೆ ಕೆಮ್ಮಿತು, ಪರದೆ ನಡುಗಿತು, ನಿಂತುಹೋಗು, ಕರೆಂಟು ಹೋಗಲಿ, ಇಲ್ಲ, ಮತ್ತೆ ಗಡಗಡ, ಜೇವರ್ಗಿಯಲ್ಲಿ ಬೇಕಾದಾಗ ಎಂದೂ ಕೈಕೊಡದ ಜನರೇಟರು ಇದೊಂದೇ ಇರಬೇಕು.

ತಿರುಗಿ ನೋಡಬಾರದು ಎಂದುಕೊಂಡು ತಿರುಗಿ ನೋಡಿದ. ಮೊದಲ ಎರಡು ಸಾಲು ಹಿರಿಯರದು, ರುಮಾಲು, ವಿಭೂತಿ, ಕನ್ನಡಕ, ಅವರ ಹಿಂದೆ ಬಲಕ್ಕೆ ಹೆಂಗಸರ ಜಮಖಾನ, ಹತ್ತು ಹನ್ನೆರಡು ಅಡಿ ದೂರ, ಸುಭದ್ರಾಬಾಯಿ ಅಲ್ಲಿ ಕೂತಿದ್ದಾಳೆ, ಗಿಳಿಹಸಿರು ಇಳಕಲ್ಲ ಸೀರೆ, ಇಪ್ಪತ್ತೆಂಟು ವರ್ಷ, ಇಡೀ ಸಭೆ ಅವಳನ್ನು ಅವಳ ಅಣ್ಣನಿಗೆ ಕಟ್ಟಿ ನಕ್ಕಿತು, ತಲೆ ತಗ್ಗಿಸಿರಬೇಕಿತ್ತು, ಸೆರಗು ಮುಖಕ್ಕೆ ಒತ್ತಿಕೊಂಡು ಅಳುತ್ತಿರಬೇಕಿತ್ತು, ಹಾಗೇನಿಲ್ಲ, ನೆಟ್ಟಗೆ ಕೂತಿದ್ದಾಳೆ, ಅವನನ್ನೂ ನೋಡುತ್ತಿಲ್ಲ, ಪರದೆಯನ್ನು ನೋಡುತ್ತಿದ್ದಾಳೆ. ಏಳು ವರ್ಷದ ಹಿಂದೆಯೂ ಹೀಗೇ ನೆಟ್ಟಗೆ ಕೂತಿದ್ದಳು. ಬೇಡ. ಅದು ಬೇಡ ಈಗ. ಒಂದು ಸಾವಿರದ ಎಂಟು ನೂರು, ಅಫಜಲಪುರ, ಪಡಸಾಲೆ, ಕೆಂಪು ಜಮಖಾನ, ಚುರುಮುರಿ ಸುಸಲಾದ ತಾಟು, ಕನ್ಯಾ ನೋಡಲಿಕ್ಕೆ ಹೋಗಿದ್ದರು, ಅವನು, ಅವನ ತಾಯಿ, ಇಬ್ಬರು ಕಾಕಂದಿರು, ಹುಡುಗಿಯನ್ನು ನಡೆಸಿದರು, ಕುಂಟಿಲ್ಲ, ಒಂದು ವಚನ ಹೇಳಿಸಿದರು, ದನಿ ಚೆನ್ನಾಗಿತ್ತು, ಜಡೆ ಬಿಚ್ಚಿಸಿ ನೋಡಿದರು, ಆಮೇಲೆ ಅವ್ವ ತನ್ನ ಸಂಚಿ ಬಿಚ್ಚಿ ಒಂದು ಸೂಜಿ, ಒಂದು ಮೊಳ ಬಿಳಿ ದಾರ ತೆಗೆದಳು, ತಗೋ ತಂಗಿ, ಜರಾ ಪೋಣಸು ನೋಡೋಣ, ಕಣ್ಣ ಹ್ಯಾಂಗದಾವ ತಿಳೀತದ. ನಮ್ಮ ಕಡೆ ಕನ್ಯಾ ನೋಡುವಾಗ ಎಲ್ಲರೂ ಮಾಡಿಸುವುದೇ, ಸೂಜಿ ಪೋಣಿಸುವುದು, ಹೊಸದೇನಲ್ಲ, ಹುಡುಗಿ ನಕ್ಕಳು ಕೂಡ, ಇಷ್ಟೇನಾ ಅನ್ನುವ ಹಾಗೆ.

ಸೂಜಿ ಹೊಸದಲ್ಲ, ಅದೇ ಮಾತು, ಆ ಸೂಜಿ ಅವನಿಗೆ ಗೊತ್ತಿತ್ತು. ಅವತ್ತೇ ಮುಂಜಾನೆ ಆಳಂದದ ಮನೆಯಲ್ಲಿ ಅಂಗಿಯ ಗುಂಡಿ ಹಚ್ಚಿಕೊಳ್ಳಲಿಕ್ಕೆ ಅದನ್ನೇ ಹಿಡಿದು ಹತ್ತು ಸಲ ನೋಡಿದ್ದ, ತುಕ್ಕು ತಿಂದು ಅದರ ತೂತು ಮುಚ್ಚಿಹೋಗಿತ್ತು, ಥೂ ಅಂತ ಕಿಟಕಿಯ ಕಟ್ಟೆಯ ಮೇಲೆ ಒಗೆದಿದ್ದ, ಅವ್ವ ಬಂದು ಎತ್ತಿಕೊಂಡಳು, ಬೆಳಕಿಗೆ ಹಿಡಿದು ನೋಡಿದಳು, ಒಂದು ಚಿಂದಿಗೆ ಚುಚ್ಚಿ ಸಂಚಿಯೊಳಗೆ ಇಟ್ಟುಕೊಂಡಳು, ಇದು ಬೇಕಾಗತದ, ಅಂದಳು. ಅವ್ವನಿಗೆ ಆಗಲೇ ಬೇರೆ ಮನೆಯ ಹುಡುಗಿ ಮನಸ್ಸಿಗೆ ಬಂದಿದ್ದಳು, ಈಗ ಅವನ ಹೆಂಡತಿಯಾಗಿರುವವಳು, ಆದರೆ ಅಫಜಲಪುರದವರು ಹಿರಿಯರ ಸಂಬಂಧ, ಸುಮ್ಮನೆ ಒಲ್ಲೆ ಅನ್ನುವಂತಿಲ್ಲ, ಒಂದು ಕಾರಣ ಬೇಕು. ಹುಡುಗಿ ದಾರದ ತುದಿಯನ್ನು ತುಟಿಗೆ ಹಚ್ಚಿ ಒದ್ದೆ ಮಾಡಿದಳು, ಬೆರಳಲ್ಲಿ ಹೊಸೆದಳು, ಸೂಜಿಗೆ ತಂದಳು, ಹೋಗಲಿಲ್ಲ. ಮತ್ತೆ ಒದ್ದೆ ಮಾಡಿದಳು. ಹೋಗಲಿಲ್ಲ. ಕಾಕಾ ಕೆಮ್ಮಿದ, ಬಾಗಿಲ ಹತ್ತಿರ ನಿಂತ ಅಣ್ಣ, ಹೌದು ಇದೇ ದೇವಿಂದ್ರಪ್ಪ, ಓಡಿಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದ, ಬೆಳಕು ಸಾಲದೇನೋ ಎಂದು ಹಾಡಹಗಲಲ್ಲಿ ಚಿಮಣಿ ದೀಪ ಹಚ್ಚಿಕೊಂಡು ಬಂದು ತಂಗಿಯ ಮುಖದ ಹತ್ತಿರ ಹಿಡಿದ, ಒದ್ದೆ ದಾರ ಸೂಜಿಗೆ ತಾಗಿ ಸೊಟ್ಟಾಯಿತು, ಮತ್ತೆ ಒದ್ದೆ, ಮತ್ತೆ ಸೊಟ್ಟ. ಆಮೇಲೆ ಅವಳು ಸೂಜಿಯನ್ನು ಚಿಮಣಿಗೆ ಎತ್ತಿ ಹಿಡಿದು ನೋಡಿದಳು, ತಿಳಿಯಿತು ಅವಳಿಗೆ, ತಿಳಿದು ಅವನ ಕಡೆ ನೋಡಿದಳು, ಅವ್ವನ ಕಡೆ ಅಲ್ಲ, ನೇರ ಅವನ ಕಡೆ, ನೀವು ಹೇಳ್ರಿ ಅನ್ನುವ ಹಾಗೆ, ನೋಡಲಿಕ್ಕೆ ಬಂದವರ ಮುಂದೆ ಕನ್ಯಾ ಆದವಳು ನಿಮ್ಮ ಸೂಜಿ ಖೊಟ್ಟಿ ಅನ್ನುವಂತಿಲ್ಲವಲ್ಲ, ಅನ್ನಬಹುದಾದವನು ಅವನೊಬ್ಬನೇ. ಅವನು ಚಹಾದ ಕಪ್ಪಿನ ಕೆಳಗಿನ ಬಶಿ ನೋಡುತ್ತ ಕೂತ, ಬಶಿಯಲ್ಲಿ ಎರಡು ಚುಕ್ಕೆ ಚಹಾ ಚೆಲ್ಲಿತ್ತು.

ಎರಡು ಸಾವಿರದ ಒಂಬೈನೂರು, ಎಷ್ಟು ಬೇಗ, ಇಷ್ಟು ಬೇಗ ಓಡುತ್ತದೆಯೇ ಇದು, ಯಾವ ಮಗ ಅಂದದ್ದು ಇದನ್ನು ನಿಧಾನ ಅಂತ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವ್ವ ಎಲೆ ಅಡಿಕೆ ಹಾಕಿಕೊಂಡು, ಕಣ್ಣ ಮಂದ ಅದಾವ ಅಂತ ಹೇಳಿ ಕಳಸಿದ್ರಾತು, ಯಾರಿಗೂ ಬ್ಯಾಸರಿಲ್ಲ, ಅಂದಳು. ಯಾರಿಗೂ ಬೇಸರವಾಗಲಿಲ್ಲ, ಮಾತು ಮಾತ್ರ ಮೂರೂ ತಾಲೂಕಿಗೆ ಹಬ್ಬಿತು, ನೋಡಲಿಕ್ಕೆ ಬರುತ್ತೇವೆ ಅಂದವರು ಬರಲಿಲ್ಲ, ವಧು-ವರ ಕೇಂದ್ರದ ರಿಜಿಸ್ಟರಿನಲ್ಲಿ ಯಾರೋ ಕೆಂಪು ಶಾಯಿಯಲ್ಲಿ ಬರೆದುಬಿಟ್ಟರು. ರಿಜಿಸ್ಟರಿನಿಂದ ಕಂಪ್ಯೂಟರಿಗೆ ಇಳಿಸಿದ್ದು ಅವನೇ, ಹೋದ ವರ್ಷ, ದಿನಕ್ಕೆ ಐವತ್ತು ಹೆಸರು, ಅವಳ ಪಾಳಿ ಬಂದಾಗ ದೋಷ ಎಂಬ ಖಾನೆಗೆ ಬಂದು ಬೆರಳು ನಿಂತಿತು, ಖಾಲಿ ಬಿಡಬಹುದಿತ್ತು, ಯಾರು ಕೇಳುತ್ತಿದ್ದರು, ಖಾಲಿ ಬಿಟ್ಟರೆ ತನಗೆ ಗೊತ್ತಿತ್ತು ಅಂತಾಗುತ್ತದೆ, ತನ್ನ ಮುಂದೆ ತಾನೇ ಒಪ್ಪಿಕೊಂಡಂತಾಗುತ್ತದೆ, ಟೈಪು ಹೊಡೆದ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ದೃಷ್ಟಿ ಮಂದ, ಹೊಡೆದು ಮುಂದಿನ ಹೆಸರಿಗೆ ಹೋದ. ಆ ಹತ್ತು ಮಂದಿಯೂ ತಮ್ಮ ತಮ್ಮ ಅರ್ಜಿಯಲ್ಲಿ, ಕನ್ಯಾಕ್ಕೆ ಯಾವ ದೋಷವೂ ಇರಬಾರದು ಅಂತ ಬರೆದವರು, ಎಲ್ಲರೂ ಬರೆಯುತ್ತಾರೆ, ಛಾಪಿಸಿದ ಫಾರ್ಮಿನಲ್ಲೇ ಇದೆ. ಅಂದರೆ ದೇವಿಂದ್ರಪ್ಪನ ಖೊಟ್ಟಿ ಸಾಫ್ಟ್‌ವೇರಿನಲ್ಲಿ ಅವಳಿಗೆ ಹತ್ತು ವರ, ಇವನ ಖರೇ ಸಾಫ್ಟ್‌ವೇರಿನಲ್ಲಿ ಒಂದೂ ಇಲ್ಲ. ಮೂರು ಸಾವಿರದ ಇನ್ನೂರು. ಕೀಲಿಮಣೆಯ ಮೂಲೆಯಲ್ಲಿ ಗುಂಡಿ ಒಂದಿದೆ, ಒತ್ತಿದರೆ ನಿಲ್ಲುತ್ತದೆ, ಬೆರಳು ಅದರ ಮೇಲೆಯೇ ಇದೆ, ಯಾವಾಗ ಹೋಯಿತೋ, ಒತ್ತಿ ಎದ್ದು ನಿಂತು ಹೇಳಿದರಾಯಿತು, ಹಿರ್ಯಾರೇ ಆ ಖಾನೆ ತಪ್ಪದ, ಸೂಜೀದು ತೂತು ಮುಚ್ಚಿತ್ತು, ನಂಗ ಗೊತ್ತಿತ್ತು — ಅಂದರೆ, ನಿನ್ನ ಸಾಫ್ಟ್‌ವೇರಿನಾಗ ತಪ್ಪು ಅದೇನೋ, ಅನ್ನುತ್ತಾರೆ, ನಿಮ್ಮವ್ವ ಹಂಗ ಮಾಡ್ದಳೇನೋ, ಅನ್ನುತ್ತಾರೆ, ಅವ್ವ ಇವತ್ತು ಮುಂಜಾನೆ ಹಣೆಗೆ ವಿಭೂತಿ ಹಚ್ಚಿ, ಗೆದ್ದ ಬಾ ಅಂದಿದ್ದಾಳೆ, ಮೂರೂ ತಾಲೂಕಿನ ಕೆಲಸ, ಏಳು ತಿಂಗಳ ಉರಿ, ದೋ ಮಿನಿಟ್ ದಸ್ ಸೆಕೆಂಡ್, ಒದ್ದೆ ದಾರ, ಸೊಟ್ಟ, ಮತ್ತೆ ಒದ್ದೆ. ಮೂರು ಸಾವಿರದ ಎಂಟು ನೂರು. ಒತ್ತು. ಒತ್ತುತ್ತೇನೆ, ನಾಲ್ಕು ಸಾವಿರ ಆಗಲಿ, ಒತ್ತುತ್ತೇನೆ. ನಾಲ್ಕು ಸಾವಿರದ ಹತ್ತು, ಐವತ್ತು, ನೂರು, ನೊಣ ಹಾರಿತು, ಇನ್ನೂರು, ಇನ್ನೂರ ಹದಿನಾರು. ಅಂಕಿ ನಿಂತಿತು.

ಬರೋಬ್ಬರಿ ಎರಡ ನಿಮಿಷ ಹತ್ತ ಸೆಕೆಂಡ, ಅಂತ ಹಣಮಂತರಾಯರು ಗಡಿಯಾರ ಕಿಸೆಗೆ ಇಳಿಸಿದರು, ಹಾಂ, ಏನ್ ಬಂತು ಓದೋ ದೌಲತರಾಯ, ನಾ ಓದೂ ಚಾಳೀಸ ಮನ್ಯಾಗ ಬಿಟ್ಟ ಬಂದೀನಿ. ನಾಗಣ್ಣ ಮುತ್ಯಾ ತನ್ನ ಕನ್ನಡಕ ಮೇಲೆ ಕೆಳಗೆ ಮಾಡಿ, ನಂಗೂ ಕಾಣವಲ್ಲದಪಾ, ಇರಿವಿ ಹರದಾಡಿದಂಗ ಅದ, ಅಂದ. ಓದಬೇಕು, ಎರಡೇ ಸಾಲು, ನೀರಿನ ಲೋಟ ಎತ್ತಿದ, ಖಾಲಿ, ಮುಂದಿನ ಸಾಲಿನವರು ಕಣ್ಣು ಕಿರಿದು ಮಾಡಿ ಬಗ್ಗಿದರು, ಯಾರಿಗೂ ಆಗಲಿಲ್ಲ, ಆಗ ಹಿಂದಿನಿಂದ, ಹನ್ನೆರಡು ಅಡಿ ದೂರದ ಜಮಖಾನದಿಂದ, ಕೂತಲ್ಲೇ ಕೂತು, ಒಂದಕ್ಷರಕ್ಕೂ ತಡವರಿಸದೆ ಒಂದು ದನಿ ಓದಿತು. ಸಿಕ್ಕ ವರಗಳು, ಸೊನ್ನೆ. ಕಾರಣ, ಕನ್ಯಾದ ದೋಷ, ದೃಷ್ಟಿ ಮಂದ.

ಅದೇ ದನಿ, ವಚನ ಹೇಳಿದ ದನಿ. ಗುರಮ್ಮ ಮಡಚಿದ್ದ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದಳು. ದೇವಿಂದ್ರಪ್ಪ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ, ಅವನ ಮುಖದಲ್ಲಿ ಏನೋ ಬೆಳಗಿತು, ಹಿರ್ಯಾರೇ, ಅಲ್ಲಿಂದ ಓದ್ಯಾಳ್ರಿ ಆಕಿ, ನಿಮ್ಗ್ಯಾರಿಗೂ ಕಾಣ್ಲಿಲ್ಲ, ಆಕಿ ಅಲ್ಲಿಂದ — ನೀ ಕೂಡೋ ಮದಿಮಗನ, ಅಂತ ನಾಗಣ್ಣ ಮುತ್ಯಾ ಅಂದ. ಅಷ್ಟೇ ಸಾಕಾಯಿತು, ನಗು ಮತ್ತೆ ಹೊತ್ತಿಕೊಂಡಿತು, ಮೊದಲಿಗಿಂತ ಜೋರು, ಮದಿಮಗ, ಮದಿಮಗ, ದೇವಿಂದ್ರಪ್ಪ ಬಾಯಿ ಆಡಿಸುತ್ತಿದ್ದಾನೆ, ಕೈ ಎತ್ತಿ ತಂಗಿಯ ಕಡೆ, ಪರದೆಯ ಕಡೆ ತೋರಿಸುತ್ತಿದ್ದಾನೆ, ಒಂದು ಮಾತೂ ಕೇಳಿಸುತ್ತಿಲ್ಲ. ಆ ನಗುವನ್ನು ಮಾಡಿಟ್ಟವನು 'ಒಂದು ನಿಮಿಷ ತಡೀರಿ' ಅಂದರೆ ಇಡೀ ಸಭೆ ತಡೆಯುತ್ತಿತ್ತು, ಇವತ್ತು ಅವನ ಮಾತಿಗೆ ಅಷ್ಟು ಬೆಲೆ ಇತ್ತು. ನೋಡ್ರಿ, ಹಣಮಂತರಾಯರು ನಗುತ್ತಲೇ ಎದ್ದು ಅವನ ಬೆನ್ನು ತಟ್ಟಿದರು, ಇಲ್ಲ ಅಂದ್ರ ಯಾಕಿಲ್ಲ ಅಂತ ಸುದ್ದಾ ಹೇಳತದ, ಇದಕ್ಕ ಅಂತಾರ ಕಂಪ್ಯೂಟರ್, ಕೆಲಸ ನಿಂದೇ ಹೋಗಪಾ, ಮೂರೂ ತಾಲೂಕಿಂದು ನಿಂದೇ. ಚಪ್ಪಾಳೆ. ಯಾರೋ ಹೆಗಲಿಗೆ ಹಾರ ಹಾಕುತ್ತಿದ್ದಾರೆ, ಹಸಿ ಚೆಂಡು ಹೂವಿನ ವಾಸನೆ, ಮುಂದಿನ ಹೆಸರು ಅನ್ನುತ್ತಿದ್ದಾರೆ, ಅವನು ಆ ಕಡೆ ನೋಡಬಾರದು, ಹಾರ ನೋಡಬೇಕು, ಕೀಲಿಮಣೆ ನೋಡಬೇಕು, ಆದರೆ ಅವಳು ಈಗ ಪರದೆಯನ್ನು ಬಿಟ್ಟು ಅವನನ್ನೇ ನೋಡುತ್ತಿದ್ದಾಳೆ, ಸಿಟ್ಟಿಲ್ಲ, ನೀರಿಲ್ಲ, ನೀವು ಹೇಳ್ರಿ ಅನ್ನುವ ಹಾಗೂ ಇಲ್ಲ, ಬರೇ ನೋಡುತ್ತಿದ್ದಾಳೆ, ಹೆಬ್ಬೆರಳು ಮತ್ತು ತೋರುಬೆರಳು ಹತ್ತಿರ ಬಂದಿವೆ, ನಡುವೆ ಏನೂ ಇಲ್ಲ, ಚಿಮಣಿ ಉರಿಯುತ್ತಿದೆ, ಹಾಡಹಗಲು, ಕಿಟಕಿ ಎರಡೂ ಬಾಗಿಲು ತೆರೆದಿದೆ, ದಾರದ ತುದಿ ತುಟಿಗೆ ಹೋಗುತ್ತದೆ, ಒದ್ದೆಯಾಗುತ್ತದೆ, ಸೂಜಿಗೆ ಬರುತ್ತದೆ, ಸೊಟ್ಟಾಗುತ್ತದೆ, ತುಟಿಗೆ ಹೋಗುತ್ತದೆ, ಒದ್ದೆಯಾಗುತ್ತದೆ, ಸೂಜಿಗೆ ಬರುತ್ತದೆ —